ಗೆದ್ದವರಿಗೆ ದುಬಾರಿಯಾದ ಗುಡ್ಡ: ಬಂಕರ್ ಹಿಲ್ ಕದನ, 1775

1775ರ ಜೂನ್ 17ರ ಸಂಜೆ ಐದರ ಹೊತ್ತಿಗೆ ಬಾಸ್ಟನ್ ಎದುರಿನ ಚಾರ್ಲ್ಸ್‌ಟೌನ್ ಗುಡ್ಡಗಳು ಬ್ರಿಟಿಷರ ಕೈಗೆ ಬಂದವು. ಅದಕ್ಕೆಂದು ಹೋದ ಸೈನಿಕರು ಎರಡೂವರೆ ಸಾವಿರದ ಆಸುಪಾಸು. ಅವರಲ್ಲಿ ಸತ್ತವರು 226, ಗಾಯಗೊಂಡವರು 828. ಐವರಲ್ಲಿ ಇಬ್ಬರು ಸತ್ತರು ಇಲ್ಲವೇ ರಕ್ತ ಸುರಿಸಿಕೊಂಡು ಬಂದರು ಎಂದಾಯಿತು. ಗುಡ್ಡ ಬಿಟ್ಟು ಓಡಿದ ಅಮೆರಿಕದ ವಸಾಹತಿನವರ ಕಡೆ ಸತ್ತವರು, ಗಾಯಾಳುಗಳು, ಸೆರೆಸಿಕ್ಕವರು ಎಲ್ಲ ಸೇರಿ ಸುಮಾರು 450. ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿಯಲು ಎಂಟು ವರ್ಷ ಹಿಡಿಯಿತು. ಅಷ್ಟೂ ವರ್ಷಗಳಲ್ಲಿ ಮತ್ತಾವ ಕದನದಲ್ಲೂ ಬ್ರಿಟಿಷರಿಗೆ ಇಷ್ಟು ಸಾವುನೋವು ಆಗಲಿಲ್ಲ.

ಈ ಕದನವನ್ನು ಸಾಮಾನ್ಯವಾಗಿ ಸಾಹಸದ ಕಥೆಯಾಗಿ ಹೇಳುತ್ತಾರೆ. ಸಾಹಸ ಇತ್ತು, ಸುಳ್ಳಲ್ಲ. ಆದರೆ ಇದರ ತೂಕ ಇರುವುದು ಬೇರೆ ಕಡೆ ಎಂದು ನನ್ನ ಎಣಿಕೆ. ಆ ಒಂದು ಮಧ್ಯಾಹ್ನದಿಂದ ಎರಡೂ ಕಡೆಯವರು ಪಾಠ ಕಲಿತರು. ಇಬ್ಬರೂ ಅರ್ಧ ಸರಿಯಾಗಿ, ಅರ್ಧ ತಪ್ಪಾಗಿ ಕಲಿತರು. ಮುಂದಿನ ಯುದ್ಧದ ದಾರಿಯನ್ನು ಬಹುಮಟ್ಟಿಗೆ ತಿರುಗಿಸಿದ್ದು ಆ ಪಾಠಗಳೇ.

ಜಗಳದ ಬೇರು ದುಡ್ಡಿನದು. 1763ರಲ್ಲಿ ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಕತ್ತಿನವರೆಗೆ ಸಾಲ ಮಾಡಿಕೊಂಡಿತ್ತು. ಅದರಲ್ಲೊಂದು ಪಾಲನ್ನು ಅಮೆರಿಕದ ವಸಾಹತುಗಳಿಂದ ವಸೂಲಿ ಮಾಡಲು ಲಂಡನ್ನಿನ ಪಾರ್ಲಿಮೆಂಟು 1765ರಲ್ಲಿ ಸ್ಟ್ಯಾಂಪ್ ತೆರಿಗೆ ಹಾಕಿತು. ನಮ್ಮ ಪ್ರತಿನಿಧಿಗಳೇ ಇಲ್ಲದ ಸಭೆ ನಮ್ಮ ಮೇಲೆ ತೆರಿಗೆ ಹಾಕಲು ಯಾರು ಎಂದು ವಸಾಹತಿನವರು ತಿರುಗಿಬಿದ್ದರು. ಅದನ್ನು ಹಿಂತೆಗೆದುಕೊಂಡು ಬೇರೆ ಸುಂಕ ಹಾಕಿದ್ದಾಯಿತು, ಅದಕ್ಕೂ ವಿರೋಧ ಬಂತು. 1773ರಲ್ಲಿ ಚಹಾದ ಸರದಿ. ದಿವಾಳಿಯ ಅಂಚಿಗೆ ಬಂದಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಬದುಕಿಸಲು, ಅದರ ಗೋದಾಮಿನಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕಕ್ಕೆ ನೇರವಾಗಿ ಸಾಗಿಸಿ ಮಾರಲು ಕಾನೂನು ಮಾಡಿಕೊಟ್ಟರು. (ಕಂಪನಿ ಆ ಗತಿಗೆ ಬರಲು ಬಂಗಾಳದ ಕ್ಷಾಮ ಸೇರಿದಂತೆ ಹಲವು ಕಾರಣಗಳಿದ್ದವು. ನಮ್ಮ ಹೈದರಾಲಿಯ ಪಾಲೂ ಅದರಲ್ಲಿತ್ತು: 1769ರಲ್ಲಿ ಅವನ ಕುದುರೆಪಡೆ ಮದರಾಸಿನ ಬಾಗಿಲಿಗೆ ಬಂದಿತ್ತು, ಅವನ ಗೆಲುವುಗಳ ಸುದ್ದಿಗೆ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿದಿತ್ತು.) 1773ರ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹಾ ಬಾಸ್ಟನ್ ಬಂದರಿನ ನೀರು ಸೇರಿತು. ಇದಕ್ಕೆ ಶಿಕ್ಷೆಯಾಗಿ ಬಂದರು ಮುಚ್ಚಿತು, ಮ್ಯಾಸಚೂಸೆಟ್ಸ್‌ನ ಸ್ವಯಮಾಡಳಿತಕ್ಕೆ ಕತ್ತರಿ ಬಿತ್ತು, ಜನರಲ್ ಥಾಮಸ್ ಗೇಜ್ ಸೈನ್ಯದ ಜೊತೆಗೆ ಗವರ್ನರ್ ಪದವಿಯನ್ನೂ ವಹಿಸಿಕೊಂಡ.

1775ರ ಏಪ್ರಿಲ್ 19ರಂದು ಗೇಜ್‌ನ ಸೈನಿಕರು ಹಳ್ಳಿಗರು ಕೂಡಿಟ್ಟ ಮದ್ದುಗುಂಡು ವಶಪಡಿಸಿಕೊಳ್ಳಲು ಕಾಂಕರ್ಡ್ ಊರಿಗೆ ಹೊರಟರು. ದಾರಿಯಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಮೊದಲ ಗುಂಡು ಹಾರಿತು. ಹಿಂದಿರುಗುವಾಗ ದಾರಿಯುದ್ದಕ್ಕೂ ಕಲ್ಲುಗೋಡೆ, ಮರಗಳ ಮರೆಯಿಂದ ಹೊಡೆತ ತಿಂದು, ಸತ್ತವರು, ಗಾಯಾಳುಗಳು, ಕಾಣೆಯಾದವರು ಸೇರಿ 273 ಜನರನ್ನು ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಮಿಲಿಷಿಯಾದವರು ಬಾಸ್ಟನ್ನನ್ನು ಮುತ್ತಿ ಕುಳಿತರು. ಮಿಲಿಷಿಯಾ ಎಂದರೆ ಸಂಬಳದ ಸೈನ್ಯವಲ್ಲ. ಊರಿನ ರೈತರು, ಬಡಗಿಗಳು, ಅಂಗಡಿಯವರು ಸ್ವಂತ ಬಂದೂಕು ಹಿಡಿದು ಸೇರುವ ನಾಡಪಡೆ. ಒಬ್ಬ ಸೇನಾಪತಿ ಎಲ್ಲರಿಗೂ ಅಪ್ಪಣೆ ಕೊಡುವ ಏರ್ಪಾಡು ಅವರಲ್ಲಿರಲಿಲ್ಲ. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ನ್ಯೂ ಹ್ಯಾಂಪ್‌ಶೈರ್, ರೋಡ್ ಐಲೆಂಡ್ ಪಡೆಗಳು ತಮ್ಮ ತಮ್ಮ ನಾಯಕರ ಮಾತು ಮಾತ್ರ ಕೇಳುತ್ತಿದ್ದವು. ಇನ್ನೊಂದು ಮಾತು: ಸ್ವಾತಂತ್ರ್ಯದ ಘೋಷಣೆಗೆ ಆಗ ಇನ್ನೂ ಒಂದು ವರ್ಷವಿತ್ತು. ಗುಂಡು ಹಾರಿಸುತ್ತಿದ್ದವರಲ್ಲಿ ಬಹಳಷ್ಟು ಜನ ತಾವು ರಾಜನ ಪ್ರಜೆಗಳೇ, ಜಗಳವೇನಿದ್ದರೂ ಪಾರ್ಲಿಮೆಂಟಿನ ಜೊತೆ ಎಂದೇ ನಂಬಿದ್ದರು.

ಮುಂದೆ ನಡೆದದ್ದು ತಿಳಿಯಬೇಕಾದರೆ ನೆಲದ ರಚನೆ ಕಣ್ಣಮುಂದಿರಬೇಕು. ಇಂದಿನ ಬಾಸ್ಟನ್ ನಕ್ಷೆ ನೋಡಿ ಪ್ರಯೋಜನವಿಲ್ಲ, ಆಮೇಲೆ ಅಲ್ಲಿ ಕೊಲ್ಲಿಯನ್ನೇ ಮಣ್ಣು ತುಂಬಿ ಊರು ಮಾಡಿದ್ದಾರೆ. ಅಂದಿನ ಬಾಸ್ಟನ್ ಸುತ್ತ ನೀರಿದ್ದ ಒಂದು ಪರ್ಯಾಯದ್ವೀಪ, ಕಿರಿದಾದ ಒಂದು ನೆಲದ ಪಟ್ಟಿ ಮಾತ್ರ ಅದನ್ನು ದಡಕ್ಕೆ ಕಟ್ಟಿತ್ತು. ಉತ್ತರಕ್ಕೆ ಚಾರ್ಲ್ಸ್ ನದಿಯ ಆಚೆ ಅಂಥದ್ದೇ ಇನ್ನೊಂದು ಪರ್ಯಾಯದ್ವೀಪ, ಚಾರ್ಲ್ಸ್‌ಟೌನ್. ದಕ್ಷಿಣಕ್ಕೆ ಡಾರ್ಚೆಸ್ಟರ್ ದಿಣ್ಣೆಗಳು. ಈ ಎರಡು ಎತ್ತರಗಳಲ್ಲಿ ಯಾವುದರ ಮೇಲೆ ದೊಡ್ಡ ಫಿರಂಗಿ ಕೂತರೂ ಕೆಳಗಿನ ಊರೂ ಬಂದರಿನ ಹಡಗುಗಳೂ ಅದರ ಬಾಯಿಗೆ ಬಂದಂತೆ. ಆಶ್ಚರ್ಯವೆಂದರೆ ಎರಡು ತಿಂಗಳು ಯಾರೂ ಅವನ್ನು ಹಿಡಿದಿರಲಿಲ್ಲ. ಮೇ 25ರಂದು ವಿಲಿಯಂ ಹೋವ್, ಹೆನ್ರಿ ಕ್ಲಿಂಟನ್, ಜಾನ್ ಬರ್ಗಾಯ್ನ್ ಎಂಬ ಮೂವರು ಜನರಲ್‌ಗಳು ಇಂಗ್ಲೆಂಡಿನಿಂದ ಬಂದಿಳಿದ ಮೇಲೆ, ಜೂನ್ 18ಕ್ಕೆ ಡಾರ್ಚೆಸ್ಟರ್ ಹಿಡಿಯುವುದೆಂದು ಗೊತ್ತಾಯಿತು. ಅದು ಗುಟ್ಟಾಗಿ ಉಳಿಯಲಿಲ್ಲ. ಅವರಿಗಿಂತ ಮೊದಲೇ ಚಾರ್ಲ್ಸ್‌ಟೌನಿನ ಬಂಕರ್ ಹಿಲ್ ಮೇಲೆ ಕೋಟೆ ಕಟ್ಟಬೇಕೆಂದು ವಸಾಹತಿನ ಸಮಿತಿ ತೀರ್ಮಾನಿಸಿತು.

ಜೂನ್ 16ರ ರಾತ್ರಿ ಕರ್ನಲ್ ವಿಲಿಯಂ ಪ್ರೆಸ್ಕಾಟ್ ಸಾವಿರಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಬಾಸ್ಟನ್ ಪಕ್ಕದ ಕೇಂಬ್ರಿಜ್ ಊರಿನಿಂದ ಹೊರಟ. ಅಲ್ಲಿ ಹೋದ ಮೇಲೆ ಗುಡ್ಡ ಯಾವುದು ಎಂಬುದರಲ್ಲೇ ವಾದವಾಯಿತು. ಅಪ್ಪಣೆಯಲ್ಲಿದ್ದ ಬಂಕರ್ ಹಿಲ್ 110 ಅಡಿ ಎತ್ತರದ್ದು, ಪರ್ಯಾಯದ್ವೀಪದ ಕೊರಳಿಗೆ ಹತ್ತಿರ. ಹಿಂದೆ ಸರಿಯಬೇಕಾದರೆ ದಾರಿ ಸಲೀಸು. ಕೊನೆಗೆ ಅಗೆದದ್ದು ಅದಕ್ಕಿಂತ ತಗ್ಗಾದ, ಬಾಸ್ಟನ್ನಿಗೆ ಹತ್ತಿರವಾದ ಬ್ರೀಡ್ಸ್ ಹಿಲ್ ಮೇಲೆ. ಅಲ್ಲಿಂದ ಊರಿಗೂ ಹಡಗುಗಳಿಗೂ ಗುಂಡು ತಲುಪುತ್ತದೆ, ಬ್ರಿಟಿಷರು ಸುಮ್ಮನಿರಲಾರರು. ಅದು ದುಡುಕೋ ಬೇಕೆಂದೇ ಕೆಣಕಿದ್ದೋ ಎಂಬ ಚರ್ಚೆ ಇಂದಿಗೂ ಇದೆ. ಹೆಸರು ಮಾತ್ರ ಬಂಕರ್ ಹಿಲ್ ಎಂದೇ ನಿಂತಿತು. ಈಗಿರುವ 221 ಅಡಿಯ ಕಲ್ಲಿನ ಸ್ಮಾರಕಸ್ತಂಭಕ್ಕೂ ಅದೇ ಹೆಸರು, ಅದು ನಿಂತಿರುವುದು ಬ್ರೀಡ್ಸ್ ಹಿಲ್ ಮೇಲೆ.

ಗುದ್ದಲಿ ಹಿಡಿಯುವುದು ಆ ಜನಕ್ಕೆ ಹೊಸದಲ್ಲ. ಬೆಳಗಾಗುವಷ್ಟರಲ್ಲಿ ಆಳೆತ್ತರದ ಮಣ್ಣುಗೋಡೆಯ ಚೌಕಾಕಾರದ ಕೋಟೆ ಎದ್ದಿತ್ತು. ನಸುಕಿನ ನಾಲ್ಕರ ಹೊತ್ತಿಗೆ 'ಲೈವ್ಲಿ' ಎಂಬ ಯುದ್ಧನೌಕೆ ಅದನ್ನು ಕಂಡು ಗುಂಡು ಹಾರಿಸತೊಡಗಿತು. ಫಿರಂಗಿಯ ಒಂದು ಗುಂಡಿಗೆ ಒಬ್ಬನ ತಲೆ ಹಾರಿಹೋದಾಗ ಉಳಿದವರು ನಡುಗಿದರು. ಪ್ರೆಸ್ಕಾಟ್ ಗೋಡೆಯ ಮೇಲೆ ಹತ್ತಿ, ಎಲ್ಲರಿಗೂ ಕಾಣುವಂತೆ ಅತ್ತಿಂದಿತ್ತ ನಡೆಯುತ್ತ ಅಗೆಸಿದ. ಅವರು ರಾತ್ರಿಯಿಡೀ ನಿದ್ದೆಗೆಟ್ಟವರು. ನೀರಿರಲಿಲ್ಲ, ತಿನ್ನಲು ಅಷ್ಟಕ್ಕಷ್ಟೇ, ಬದಲಿ ಪಡೆ ಬರಲಿಲ್ಲ. ಹಿಂದಿನ ಗುಡ್ಡದಲ್ಲೂ ಗೋಡೆ ಕಟ್ಟಲೆಂದು ಕನೆಕ್ಟಿಕಟ್ ಪಡೆಯ ಜನರಲ್ ಇಸ್ರೇಲ್ ಪಟ್ನಮ್ ಗುದ್ದಲಿಗಳನ್ನು ಕಳುಹಿಸಲು ಕೇಳಿದಾಗ, ಗುದ್ದಲಿ ಹೊತ್ತು ಹೋದವನು ಯಾವನೂ ವಾಪಸು ಬರುವುದಿಲ್ಲ ಎಂದನಂತೆ ಪ್ರೆಸ್ಕಾಟ್. ಹಾಗೇ ಆಯಿತು.

ಈಗ ಬ್ರಿಟಿಷರ ಮುಂದಿದ್ದ ಆಯ್ಕೆ. ಪರ್ಯಾಯದ್ವೀಪದ ಕೊರಳಿನ ಬಳಿ ಸೈನ್ಯ ಇಳಿಸಿ ಬಾಯಿ ಕಟ್ಟಿಬಿಟ್ಟರೆ ಒಳಗಿದ್ದವರು ಹಸಿವಿಗೇ ಶರಣಾಗುತ್ತಾರೆ ಎಂದ ಕ್ಲಿಂಟನ್. ಗೇಜ್, ಹೋವ್ ಒಪ್ಪಲಿಲ್ಲ. ಹೊರಗಿನ ದೊಡ್ಡ ಪಡೆಗೂ ಒಳಗಿನ ಕೋಟೆಗೂ ನಡುವೆ ತಮ್ಮ ಜನ ಸಿಕ್ಕಿಬೀಳಬಹುದು ಎಂಬುದು ಅವರ ಆಕ್ಷೇಪ. ಯುದ್ಧದ ಪಾಠಗಳ ಪ್ರಕಾರ ಅದು ಪೂರಾ ತಪ್ಪೂ ಅಲ್ಲ. ಆದರೆ ಅದರ ಹಿಂದೆ ತಾತ್ಸಾರವೂ ಇತ್ತು. ಬಯೋನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಹಿಡಿದ ಸಾಲು ಎದುರಿಗೆ ಬಂದರೆ ಈ ರೈತರು ನಿಲ್ಲುತ್ತಾರೆಯೇ ಎಂಬ ಭಾವ. ಹೋವ್ ಹೂಡಿದ ಯೋಜನೆ ಕುರುಡು ದಾಳಿಯೇನಲ್ಲ. ಬಲಗಡೆ ಮಿಸ್ಟಿಕ್ ನದಿಯ ಮರಳ ದಂಡೆಯಲ್ಲಿ ಹಗುರ ಪದಾತಿಗಳನ್ನು ವೇಗವಾಗಿ ನುಗ್ಗಿಸಿ ಕೋಟೆಯ ಹಿಂದಕ್ಕೆ ಸುತ್ತುವುದು, ಎದುರಿನಿಂದ ಉಳಿದವರು ಒತ್ತುವುದು. ಆದರೆ ಉಬ್ಬರದ ನೀರಿಗೆ ಕಾಯುತ್ತ ಮಧ್ಯಾಹ್ನವಾಯಿತು, ಇಳಿದ ಮೇಲೆ ಹೆಚ್ಚಿನ ಪಡೆಗೆ ಕಾಯುತ್ತ ಮೂರು ಗಂಟೆ.

ಅಷ್ಟರಲ್ಲಿ ಆ ಬದಿಯ ಸಂದು ಮುಚ್ಚಿತ್ತು. ಕನೆಕ್ಟಿಕಟ್‌ನ ಥಾಮಸ್ ನೋಲ್ಟನ್ ಕಡೆಯವರು ಹೊಲದ ಮರದ ಬೇಲಿಗೆ ಇನ್ನೊಂದು ಬೇಲಿ ಕಿತ್ತು ತಂದು ಸೇರಿಸಿ, ನಡುವೆ ಒಣಹುಲ್ಲು ತುರುಕಿ ಮರೆ ಮಾಡಿಕೊಂಡರು. ಹುಲ್ಲು ಗುಂಡನ್ನು ತಡೆಯುವುದಿಲ್ಲ, ಹೆದರಿದವನಿಗೆ ಮರೆ ಅನ್ನಿಸಿದರೆ ಸಾಕು. ನ್ಯೂ ಹ್ಯಾಂಪ್‌ಶೈರಿನ ಜಾನ್ ಸ್ಟಾರ್ಕ್ ಬೇಲಿಯ ತುದಿಯಿಂದ ನೀರಿನವರೆಗೆ ಮರಳದಂಡೆ ಖಾಲಿ ಬಿದ್ದಿರುವುದನ್ನು ಕಂಡು ಅಲ್ಲಿ ಕಲ್ಲು ಪೇರಿಸಿ ಗೋಡೆ ಎಬ್ಬಿಸಿದ. ಆ ಕಲ್ಲುಗೋಡೆಯಿಂದಲೇ ಕದನ ತಿರುಗಿತು ಎಂದರೆ ತಪ್ಪಿಲ್ಲ.

ಅಂದಿನ ಬಂದೂಕಿನ ಗುಣ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಮಸ್ಕೆಟ್ಟಿನ ನಳಿಗೆ ಒಳಗೆ ನುಣುಪು, ಗುಂಡು ನಳಿಗೆಗಿಂತ ಸಣ್ಣದು. ನೂರು ಗಜ ದಾಟಿದರೆ ಗುರಿ ದೇವರ ಕೈಯಲ್ಲಿ. ನುರಿತವನು ನಿಮಿಷಕ್ಕೆ ಮೂರು ಸಲ ತುಂಬಿ ಹೊಡೆಯಬಲ್ಲ. ಅದಕ್ಕೇ ಬಯಲು ಯುದ್ಧದಲ್ಲಿ ಒತ್ತೊತ್ತಾಗಿ ಸಾಲುಗಟ್ಟಿ, ಎಲ್ಲರೂ ಒಟ್ಟಿಗೆ ಹಾರಿಸಿ, ಹೊಗೆಯ ನಡುವೆ ಬಯೋನೆಟ್ ಹಿಡಿದು ನುಗ್ಗುವ ಪದ್ಧತಿ. ದೂರದಿಂದ ಹಾರಿಸಿದವನು ಮತ್ತೆ ತುಂಬುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಗುಡ್ಡದ ಮೇಲಿದ್ದವರಲ್ಲಿ ಹೆಚ್ಚಿನವರಿಗೆ ಬಯೋನೆಟ್ ಇರಲಿಲ್ಲ, ಮದ್ದು ಎಣಿಸಿ ಖರ್ಚು ಮಾಡುವಷ್ಟೇ ಇತ್ತು. ಹಾಗಾಗಿ ಉಳಿದದ್ದು ಒಂದೇ ಉಪಾಯ: ಶತ್ರು ತೀರ ಹತ್ತಿರ ಬರುವವರೆಗೆ ಬೆರಳು ತಡೆದಿಡುವುದು. 'ಅವರ ಕಣ್ಣಿನ ಬಿಳಿ ಕಾಣುವ ತನಕ ಹೊಡೆಯಬೇಡಿ' ಎಂಬ ಪ್ರಸಿದ್ಧ ಅಪ್ಪಣೆ ಪಟ್ನಮ್‌ನದೋ ಪ್ರೆಸ್ಕಾಟ್‌ನದೋ ಎಂದು ಇಂದಿಗೂ ಎಳೆದಾಡುತ್ತಾರೆ. ಅಂದೇ ಬರೆದ ಕಾಗದಪತ್ರಗಳಲ್ಲಿ ಆ ಮಾತಿಗೆ ಆಧಾರವಿಲ್ಲ. ತಡೆದು ಹೊಡೆದದ್ದು ಮಾತ್ರ ನಿಜ.

ಮೊದಲು ಬಡಿದದ್ದು ಮರಳದಂಡೆಯಲ್ಲಿ. ಕಿರಿದಾದ ಜಾಗ, ಸಾಲು ಹಿಂದೆ ಸಾಲಾಗಿ ಓಡಿಬಂದ ಹಗುರ ಪದಾತಿಗಳು ಸ್ಟಾರ್ಕ್‌ನ ಕಲ್ಲುಗೋಡೆಯ ಎದುರು ರಾಶಿ ಬಿದ್ದರು. ಮುಂದಿನವರು ಬಿದ್ದಂತೆ ಹಿಂದಿನವರು ಅವರನ್ನು ದಾಟಿ ಬಂದು ತಾವೂ ಬಿದ್ದರು. ಹೋವ್‌ನ ಸುತ್ತುವ ತಂತ್ರ ಅಲ್ಲಿಗೇ ಮುಗಿಯಿತು, ಉಳಿದದ್ದು ಎದುರುದಾಳಿ ಮಾತ್ರ. ಹುಲ್ಲುಬೇಲಿಯ ಮುಂದೆ ಗ್ರೆನೇಡಿಯರ್ ಎಂಬ ಆಯ್ದ ಪದಾತಿ ದಳಗಳು ಎತ್ತರದ ಹುಲ್ಲು, ಅಡ್ಡಬೇಲಿಗಳನ್ನು ದಾಟುತ್ತ ಸಾಲು ಮುರಿದುಕೊಂಡು ನಿಂತವು, ಹೊಡೆತ ತಿಂದು ಹಿಂದೆ ಸರಿದವು. ಅವರ ಆರು ಪೌಂಡಿನ ತೋಪುಗಳಿಗೆ ಹನ್ನೆರಡು ಪೌಂಡಿನ ಗುಂಡುಗಳು ಬಂದಿದ್ದವು ಎಂದರೆ ತಯಾರಿಯ ಗತಿ ಊಹಿಸಿ. ಎಡಗಡೆ ಚಾರ್ಲ್ಸ್‌ಟೌನಿನ ಮನೆಗಳ ಮರೆಯಿಂದ ಗುಂಡು ಬರುತ್ತಿದ್ದುದರಿಂದ ಆ ಊರಿಗೆ ಕಾಯಿಸಿದ ಗುಂಡು ಹಾರಿಸಿ ಬೆಂಕಿ ಹಚ್ಚಿದರು, ನೂರಾರು ಮನೆಗಳು ಸುಟ್ಟವು. ಹತ್ತು ಮೈಲಿ ಆಚೆ ಬ್ರೇಂಟ್ರಿಯ ದಿಣ್ಣೆಯೊಂದರಿಂದ ಅಬಿಗೈಲ್ ಆಡಮ್ಸ್ ತನ್ನ ಏಳು ವರ್ಷದ ಮಗನ ಜೊತೆ ಆ ಹೊಗೆ ನೋಡುತ್ತಿದ್ದಳು. ಆ ಹುಡುಗ ಜಾನ್ ಕ್ವಿನ್ಸಿ ಆಡಮ್ಸ್ ಮುಂದೆ ಅಮೆರಿಕದ ಆರನೆಯ ಅಧ್ಯಕ್ಷನಾದ.

ಎರಡನೆಯ ದಾಳಿಯೂ ಮುರಿಯಿತು. ಮೂರನೆಯದಕ್ಕೆ ಹೋವ್ ಬೆನ್ನಿನ ಹೊರೆ ಇಳಿಸಿಟ್ಟು ಹೋಗಲು ಹೇಳಿದ, ಬೇಲಿಯ ಕಡೆ ಬರೀ ತೋರಿಕೆಗೆ ಒಂದಿಷ್ಟು ಜನರನ್ನು ಬಿಟ್ಟು ಉಳಿದ ಒತ್ತನ್ನೆಲ್ಲ ಮಣ್ಣುಕೋಟೆಯ ಮೇಲೆ ಹಾಕಿದ. ಕೋಟೆಯೊಳಗೆ ಮದ್ದು ತೀರಿತ್ತು. ಕೊನೆಯ ಕ್ಷಣಗಳಲ್ಲಿ ಕಲ್ಲು ಎಸೆದರು, ಬಂದೂಕು ತಿರುಗಿಸಿ ಹಿಡಿದು ಬಡಿದರು. ವಸಾಹತಿನವರಲ್ಲಿ ಹೆಚ್ಚಿನವರು ಸತ್ತದ್ದು ಈ ಹಂತದಲ್ಲಿ, ಬಯೋನೆಟ್ಟಿಗೆ ಮತ್ತು ಓಡುವಾಗ ಬೆನ್ನಿಗೆ ಬಿದ್ದ ಗುಂಡಿಗೆ. ಡಾಕ್ಟರ್ ಜೋಸೆಫ್ ವಾರನ್ ಅಲ್ಲೇ ಬಿದ್ದ. ಮ್ಯಾಸಚೂಸೆಟ್ಸ್ ಪ್ರಾಂತೀಯ ಕಾಂಗ್ರೆಸ್ಸಿನ ಅಧ್ಯಕ್ಷ, ಮೂರು ದಿನದ ಹಿಂದಷ್ಟೇ ಮೇಜರ್ ಜನರಲ್ ಆಗಿ ಆಯ್ಕೆಯಾದವನು, 34ರ ಪ್ರಾಯ. ಅಧಿಕಾರ ಬೇಡ, ಸಾಮಾನ್ಯ ಸಿಪಾಯಿಯಂತೆ ಕಾದುತ್ತೇನೆ ಎಂದು ಬಂದಿದ್ದ. ತಿಂಗಳುಗಳ ನಂತರ ಅವನ ಹೆಣ ಗುರುತಿಸಿದ್ದು ಅಕ್ಕಸಾಲಿಗ ಪಾಲ್ ರೆವಿಯರ್, ತಾನೇ ಕಟ್ಟಿಕೊಟ್ಟಿದ್ದ ಕೃತಕ ಹಲ್ಲಿನಿಂದ.

ಆ ಗೋಡೆ ಹತ್ತುತ್ತಿದ್ದ ಬ್ರಿಟಿಷರಲ್ಲಿ ಕನ್ನಡಿಗರಿಗೆ ಗೊತ್ತಿರುವ ಒಂದು ಹೆಸರಿದೆ. ಐದನೆಯ ಪದಾತಿ ದಳದ ಗ್ರೆನೇಡಿಯರ್ ಕ್ಯಾಪ್ಟನ್ ಜಾರ್ಜ್ ಹ್ಯಾರಿಸ್‌ನ ತಲೆಯನ್ನು ಗುಂಡೊಂದು ಸೀಳಿಕೊಂಡು ಹೋಯಿತು. ಅವನು ಬಿದ್ದದ್ದು ತನ್ನ ಕೈಕೆಳಗಿನ ಲೆಫ್ಟಿನೆಂಟ್, ಇಪ್ಪತ್ತರ ಹರೆಯದ ಲಾರ್ಡ್ ರಾಡನ್‌ನ ತೋಳಿಗೆ. ತಲೆಬುರುಡೆ ಕೊರೆದು ಚಿಕಿತ್ಸೆ ಮಾಡಬೇಕಾಯಿತು, ಹ್ಯಾರಿಸ್ ಬದುಕಿದ. ಇಪ್ಪತ್ತನಾಲ್ಕು ವರ್ಷಗಳ ನಂತರ, 1799ರಲ್ಲಿ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಆಳ್ವಿಕೆ ಮುಗಿಸಿದ ಸೈನ್ಯದ ದಂಡನಾಯಕ ಇವನೇ. ಅಲ್ಲಿ ಅವನು ಗೋಡೆ ಇಡಿಯಾಗಿರುವಾಗ ಜನರನ್ನು ನುಗ್ಗಿಸಲಿಲ್ಲ. ಕಂದಕ ತೋಡಿಸುತ್ತ ಹತ್ತಿರ ಬಂದು, ತೋಪುಗಳಿಂದ ಕೋಟೆಗೆ ಕಂಡಿ ಬೀಳಿಸಿ, ಮೇ 4ರ ಮಧ್ಯಾಹ್ನ ದಾಳಿ ಬಿಟ್ಟ. ರಾಡನ್ ಮುಂದೆ ಮಾರ್ಕ್ವಿಸ್ ಆಫ್ ಹೇಸ್ಟಿಂಗ್ಸ್ ಆಗಿ 1813ರಿಂದ 1823ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದ. ಪೇಶ್ವೆಯ ಆಳ್ವಿಕೆ ಕೊನೆಗೊಂಡು ಧಾರವಾಡ, ಬೆಳಗಾವಿ ಸೀಮೆ ಕಂಪನಿಗೆ ಸೇರಿದ್ದು ಅವನ ಕಾಲದಲ್ಲಿ. ಮೈಸೂರು ಸೀಮೆಯ ಇತಿಹಾಸ ಒಂದೆಡೆ, ಅಮೆರಿಕದ್ದು ಇನ್ನೊಂದೆಡೆ ಎಂದು ಬೇರೆ ಬೇರೆ ಪಾಠವಾಗಿ ಓದಿದವರಿಗೆ ಇದು ಸ್ವಲ್ಪ ಬೆರಗಿನ ಸಂಗತಿ.

ಸರಿ, ಸೋತ ಕದನಕ್ಕೆ ಇಷ್ಟು ಮಹತ್ವ ಏಕೆ?

ಸತ್ತವರ ಪಟ್ಟಿಯನ್ನೇ ನೋಡಿ. ಬ್ರಿಟಿಷರ 226 ಸಾವುಗಳಲ್ಲಿ 19 ಅಧಿಕಾರಿಗಳು, ಗಾಯಾಳುಗಳಲ್ಲಿ 62 ಅಧಿಕಾರಿಗಳು. ಸಾಮಾನ್ಯ ಸಿಪಾಯಿಯನ್ನು ಮತ್ತೆ ಸೇರಿಸಿಕೊಳ್ಳಬಹುದು, ಪಳಗಿದ ಕ್ಯಾಪ್ಟನ್ನನ್ನು ತರಬೇಕಾದರೆ ಮೂರು ಸಾವಿರ ಮೈಲಿ ಸಮುದ್ರ ದಾಟಿಸಬೇಕು. ಇಂಥ ಇನ್ನೊಂದು ಗೆಲುವು ನಮ್ಮನ್ನು ಮುಳುಗಿಸುತ್ತಿತ್ತು ಎಂದು ಕ್ಲಿಂಟನ್ ಬರೆದುಕೊಂಡ. ಇದೇ ಬೆಲೆಗೆ ಇನ್ನೊಂದು ಗುಡ್ಡವನ್ನು ಅವರಿಗೆ ಮಾರುವ ಆಸೆ ಎಂದು ವಸಾಹತಿನ ಕಡೆಯ ನಥಾನಿಯಲ್ ಗ್ರೀನ್ ಬರೆದ. ಈ ಜನ ನಾವೆಣಿಸಿದ ಪುಂಡರ ಗುಂಪಲ್ಲ ಎಂದು ಗೇಜ್ ಲಂಡನ್ನಿಗೆ ತಿಳಿಸಿದ. ಅಕ್ಟೋಬರಿನಲ್ಲಿ ಅವನು ಹುದ್ದೆ ಬಿಟ್ಟು ಹೊರಟ, ಜಾಗಕ್ಕೆ ಹೋವ್ ಬಂದ.

ನನ್ನ ಮಟ್ಟಿಗೆ ಹೆಚ್ಚು ತೂಕದ ಪರಿಣಾಮ ಆದದ್ದು ಲಂಡನ್ನಿನಲ್ಲಿ. ಸುದ್ದಿ ಅಲ್ಲಿಗೆ ಮುಟ್ಟಿದ್ದು ಜುಲೈ 25ಕ್ಕೆ. ಅತ್ತ ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ಸು ಜುಲೈ ಮೊದಲ ವಾರದಲ್ಲಿ ಎರಡು ಕೈಯಲ್ಲಿ ಎರಡು ಕಾಗದ ಹಿಡಿದಿತ್ತು: ಒಂದು, ರಾಜಿಗಾಗಿ ಮೂರನೆಯ ಜಾರ್ಜ್ ದೊರೆಗೆ ವಿನಯದ ಮನವಿ, ಇನ್ನೊಂದು, ಆಯುಧ ಹಿಡಿದದ್ದು ಏಕೆ ಎಂಬ ಘೋಷಣೆ. ಮನವಿ ಲಂಡನ್ ತಲುಪುವಷ್ಟರಲ್ಲಿ ಸಾವಿರ ಜನರ ಸಾವುನೋವಿನ ಪಟ್ಟಿ ಮೊದಲೇ ತಲುಪಿತ್ತು. ದೊರೆ ಮನವಿಯನ್ನು ಸ್ವೀಕರಿಸಲೇ ಇಲ್ಲ. ಆಗಸ್ಟ್ 23ರಂದು ವಸಾಹತುಗಳು ಬಹಿರಂಗ ದಂಗೆ ಎದ್ದಿವೆ ಎಂದು ಸಾರಿದ. ಅಲ್ಲಿಯವರೆಗೆ ಪುಂಡಾಟಿಕೆ ಅಡಗಿಸುವ ಕೆಲಸವಾಗಿದ್ದದ್ದು ಪೂರ್ಣ ಯುದ್ಧವಾಯಿತು, ಮರುವರ್ಷ ಜರ್ಮನ್ ರಾಜ್ಯಗಳಿಂದ ಬಾಡಿಗೆ ಸೈನಿಕರು ಬಂದಿಳಿದರು. ರಾಜಿಯ ಬಾಗಿಲು ಮುಚ್ಚಿದ್ದಕ್ಕೆ ಬಂಕರ್ ಹಿಲ್ ಒಂದೇ ಕಾರಣ ಎನ್ನಲಾಗದು, ಆದರೆ ಅದಾದ ಮೇಲೆ ಬಾಗಿಲು ತೆರೆಯುವ ಮನಸ್ಸು ಆಸ್ಥಾನದಲ್ಲಿ ಉಳಿಯಲಿಲ್ಲ.

ಹೋವ್‌ನ ವಿಷಯಕ್ಕೆ ಬಂದರೆ, ಆ ದಿನದ ಭಯ ಅವನನ್ನು ಜೀವಮಾನವಿಡೀ ಕಾಡಿತು ಎಂಬ ಮಾತು ಪದೇಪದೇ ಕೇಳಿಬರುತ್ತದೆ. 1776ರ ಮಾರ್ಚ್‌ನಲ್ಲಿ ವಸಾಹತಿನ ಸೈನ್ಯದ ದಂಡನಾಯಕನಾಗಿದ್ದ ಜಾರ್ಜ್ ವಾಷಿಂಗ್ಟನ್ ಒಂದೇ ರಾತ್ರಿಯಲ್ಲಿ ಡಾರ್ಚೆಸ್ಟರ್ ದಿಣ್ಣೆಯ ಮೇಲೆ ಫಿರಂಗಿ ಕೂರಿಸಿದಾಗ ಹೋವ್ ದಾಳಿಗೆ ಸಿದ್ಧನಾದ, ಬಿರುಗಾಳಿ ಎದ್ದಿತು, ದಾಳಿ ಕೈಬಿಟ್ಟು ಮಾರ್ಚ್ 17ರಂದು ಬಾಸ್ಟನ್ನನ್ನೇ ತೊರೆದ. ಅದೇ ಆಗಸ್ಟಿನಲ್ಲಿ ಲಾಂಗ್ ಐಲೆಂಡಿನಲ್ಲಿ ವಾಷಿಂಗ್ಟನ್ನನ ಸೈನ್ಯವನ್ನು ಬಗ್ಗುಬಡಿದು, ಬ್ರೂಕ್ಲಿನ್ನಿನ ಮಣ್ಣುಗೋಡೆಗಳ ಮುಂದೆ ತನ್ನವರನ್ನು ತಡೆದ. ಎರಡು ರಾತ್ರಿಗಳ ನಂತರ ಆ ಸೈನ್ಯ ಕತ್ತಲಲ್ಲಿ ನದಿ ದಾಟಿ ತಪ್ಪಿಸಿಕೊಂಡಿತು. ವಾದ ಚೆನ್ನಾಗಿದೆ. ಆದರೆ ಇದೇ ಹೋವ್ ನವೆಂಬರಿನಲ್ಲಿ ಫೋರ್ಟ್ ವಾಷಿಂಗ್ಟನ್ ಮೇಲೆ ನೇರ ದಾಳಿ ಮಾಡಿ ಸುಮಾರು 2,800 ಜನರನ್ನು ಸೆರೆಹಿಡಿದ. ಹೆದರಿದ್ದ ಎನ್ನುವುದಕ್ಕಿಂತ, ಬದಲಿ ಸಿಗದ ಸೈನಿಕರನ್ನು ಲೆಕ್ಕ ಹಾಕಿ ಖರ್ಚು ಮಾಡಲು ಕಲಿತ ಎನ್ನುವುದು ಹೆಚ್ಚು ಸರಿ. ಬ್ರೂಕ್ಲಿನ್ನಿನಲ್ಲಿ ಆ ಲೆಕ್ಕ ತಪ್ಪಿತು.

ಅಮೆರಿಕನ್ನರು ಕಲಿತ ಪಾಠ ಇನ್ನೂ ವಿಚಿತ್ರ. ಮದ್ದೊಂದಿದ್ದರೆ ಗೆಲ್ಲುತ್ತಿದ್ದೆವು ಎಂಬುದು ನಿಜಕ್ಕೆ ಹತ್ತಿರ. ಜುಲೈ 3ರಂದು ಕೇಂಬ್ರಿಜ್‌ನಲ್ಲಿ ಅಧಿಕಾರ ವಹಿಸಿಕೊಂಡ ವಾಷಿಂಗ್ಟನ್ನನಿಗೆ 308 ಪೀಪಾಯಿ ಮದ್ದಿದೆ ಎಂದು ಹೇಳಿದ್ದರು, ಆಗಸ್ಟಿನಲ್ಲಿ ಎಣಿಸಿದಾಗ ಇದ್ದದ್ದು 36. ಆದರೆ ಜನ ಹಿಡಿದುಕೊಂಡದ್ದು ಬೇರೆ ಪಾಠ: ಸಂಬಳದ ಸೈನ್ಯ ಯಾಕೆ, ಸ್ವಾಭಿಮಾನವಿರುವ ರೈತ ಬಂದೂಕು ಹಿಡಿದರೆ ಸಾಕು. ಕದನದ ದಿನವೇ ಬಂಕರ್ ಹಿಲ್ ಹಿಂದೆ ನೂರಾರು ಜನ ಮುಂದೆ ಬರಲೊಪ್ಪದೆ ನಿಂತಿದ್ದರು, ಪಟ್ನಮ್ ಬೈದು ಬಡಿದರೂ ಕದಲಲಿಲ್ಲ. ಆ ಭಾಗ ಕಥೆಯಿಂದ ಬಿಟ್ಟುಹೋಯಿತು. ಹೇಡಿತನಕ್ಕಾಗಿ ಅಧಿಕಾರಿಗಳನ್ನು ವಾಷಿಂಗ್ಟನ್ ಸೇವೆಯಿಂದ ಕಿತ್ತುಹಾಕಿದ್ದನ್ನೂ ಯಾರೂ ನೆನೆಯುವುದಿಲ್ಲ. ಗುಡ್ಡದ ಮೇಲೆ ಕಾದಿದವರಲ್ಲಿ ಕಪ್ಪು ಜನರೂ ಇದ್ದರು. ಅವರಲ್ಲಿ ಸೇಲಂ ಪೂರ್ ಎಂಬವನ ಶೌರ್ಯವನ್ನು ಹೊಗಳಿ 14 ಅಧಿಕಾರಿಗಳು ಡಿಸೆಂಬರಿನಲ್ಲಿ ಮನವಿ ಬರೆದರು. ಅದಕ್ಕೆ ತಿಂಗಳ ಹಿಂದೆ ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಬಾರದೆಂದು ಅಪ್ಪಣೆ ಹೊರಟಿತ್ತು. ವರ್ಷದ ಕೊನೆಗೆ, ದಾಸ್ಯದಲ್ಲಿಲ್ಲದವರಿಗೆ ಮಾತ್ರ ಆ ನಿರ್ಬಂಧ ಸಡಿಲವಾಯಿತು.

ರೈತಯೋಧನ ಮೇಲಿನ ಆ ನಂಬಿಕೆಗೆ ಬೆಲೆ ತೆರಬೇಕಾಯಿತು. ಸೈನ್ಯದ ಕರಾರೆಲ್ಲ 1775ರ ಡಿಸೆಂಬರಿಗೆ ಮುಗಿಯುವಂಥದ್ದು; ಶತ್ರುವಿನ ಎದುರಿಗೇ ಒಂದು ಸೈನ್ಯವನ್ನು ಮನೆಗೆ ಕಳುಹಿಸಿ ಇನ್ನೊಂದನ್ನು ಸೇರಿಸಿಕೊಳ್ಳುವ ಪಾಡು ವಾಷಿಂಗ್ಟನ್ನನದಾಯಿತು. ಖಾಯಂ ಸೈನ್ಯ ಸ್ವಾತಂತ್ರ್ಯಕ್ಕೆ ಕುತ್ತು ಎಂಬ ಹಳೆಯ ಭಯಕ್ಕೆ ಬಂಕರ್ ಹಿಲ್ ಸಮರ್ಥನೆ ಕೊಟ್ಟಂತಿತ್ತು. ಲಾಂಗ್ ಐಲೆಂಡಿನ ಸೋಲಿನ ನಂತರ, 1776ರ ಸೆಪ್ಟೆಂಬರಿನಲ್ಲಿ, ಮಿಲಿಷಿಯಾವನ್ನು ನೆಚ್ಚುವುದೆಂದರೆ ಮುರಿದ ಊರುಗೋಲಿಗೆ ಒರಗಿದಂತೆ ಎಂದು ಅವನು ಕಾಂಗ್ರೆಸ್ಸಿಗೆ ಬರೆದ. ಅದೇ ತಿಂಗಳು ಕಾಂಗ್ರೆಸ್ಸು ಯುದ್ಧ ಮುಗಿಯುವವರೆಗೂ ಸೇವೆಯಲ್ಲಿರುವ 88 ಬೆಟಾಲಿಯನ್‌ಗಳಿಗೆ ಒಪ್ಪಿಗೆ ಕೊಟ್ಟಿತು, ಸೇರಿದವರಿಗೆ ದುಡ್ಡಿನ ಜೊತೆ ಜಮೀನಿನ ಆಸೆಯನ್ನೂ ತೋರಿಸಿತು. ಕಾಗದದ ಮೇಲಿನ ಆ ಬೆಟಾಲಿಯನ್‌ಗಳು ಎಂದೂ ಪೂರ್ತಿ ತುಂಬಲಿಲ್ಲ.